ನನ್ನ ಭಟ್ಟಿಯಲ್ಲಿ ಬೆಂದ ಕಾರ್ಡು

ನನ್ನ ಷಡ್ಡಕರ ಮನೆಯಲ್ಲಿ ಹೆಂಡತಿಗೆ ಜ್ವರ ಬಂದರೆ ಅವರಿಗೆ ಗೊತ್ತಾಗುವುದು ಜ್ವರ ಇಳಿದ ಮೇಲೆ. ಕಂಪ್ಯೂಟರಿಗೆ ಮೈ ಬಿಸಿಯಾದರೆ ಮಾತ್ರ ಆ ಗಳಿಗೆಗೇ ಗೊತ್ತಾಗುತ್ತದೆ, ಎಷ್ಟು ಡಿಗ್ರಿ ಎನ್ನುವುದರ ಸಮೇತ. ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಷಡ್ಡಕ ಅಂದಮೇಲೆ ಹೊಟ್ಟೆಕಿಚ್ಚು ಸ್ವಲ್ಪ ಇರುವುದೇ, ಆ ಮಾತು ಬೇರೆ.

ಅವರು ನನ್ನ ಹೆಂಡತಿಯ ಅಕ್ಕನ ಗಂಡ. ಕಾಲೇಜು ಓದಿದವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ಗಂಗಾವತಿಯ ಬೇಕರಿಯೊಂದರಲ್ಲಿ ಮೈದಾ ನಾದುತ್ತ ಬೆಳೆದವನು. ಈಗ ಸ್ವಂತ ಬೇಕರಿ ಇದೆ, ಸ್ವಂತ ಭಟ್ಟಿ ಇದೆ, ಯಾರ ಮುಂದೆಯೂ ಕೈಚಾಚಿಲ್ಲ. ಆದರೆ ಮಾವನವರು ಇರುವ ತನಕ ಹಬ್ಬಕ್ಕೆ ಹೋದರೆ ದೊಡ್ಡ ಅಳಿಯನಿಗೆ ಕುರ್ಚಿ, ನನಗೆ ಚಾಪೆ. ಕುರ್ಚಿಯ ಮೇಲೆ ಕೂತ ಮನುಷ್ಯ ಮನೆಗೆ ಹೋಗಿ ಏನು ಮಾಡುತ್ತಾನೆಂದು ಪಾಪ ಆ ಹಿರಿಯರಿಗೆ ಗೊತ್ತಿರಲಿಲ್ಲ. ಏನು ಮಾಡುತ್ತಾರೆ? ಅಂಗಿ ಕಳೆದು ಗೂಟಕ್ಕೆ ಹಾಕಿ, ಕಂಪ್ಯೂಟರ್ ಮುಂದೆ ಕೂತು, ಊಟಕ್ಕೆ ಕರೆಯುವ ತನಕ ಆಟದಲ್ಲಿ ಗುಂಡು ಹೊಡೆಯುತ್ತಾರೆ. ತಲೆ ನರೆತ ಮೇಲೂ ಹೊಡೆಯುತ್ತಿದ್ದಾರೆ.

ಈ ರೋಗ ಶುರುವಾದದ್ದು ನಮ್ಮ ಕಡೆ ಕಂಪ್ಯೂಟರನ್ನು ಜನ ನೋಡಲು ಬರುತ್ತಿದ್ದ ಕಾಲದಲ್ಲಿ. ಯಲಬುರ್ಗಾದಲ್ಲಿ ಇದ್ದಾಗ, ‘ಕಚೇರಿ ಕೆಲಸ ಕಲಿಯಬೇಕು’ ಎಂದು ಹೇಳಿ ತಂದರು. ಕಚೇರಿ ಕೆಲಸ ಎಷ್ಟು ಕಲಿತರೋ, ಕಾರಿನ ರೇಸು ಮಾತ್ರ ಚೆನ್ನಾಗಿ ಕಲಿತರು. ಇವತ್ತಿಗೂ ನಿಜವಾದ ಕಾರು ನಡೆಸಲು ಬರುವುದಿಲ್ಲ. ಮುಂದೆ ಕುಷ್ಟಗಿಗೆ ವರ್ಗವಾಯಿತು. ಮನೆಯ ಸಾಮಾನನ್ನೆಲ್ಲ ಟ್ರ್ಯಾಕ್ಟರಿಗೆ ಹೇರಿದರು, ಕಂಪ್ಯೂಟರನ್ನು ಹೇರಲಿಲ್ಲ. ಟ್ರ್ಯಾಕ್ಟರ್ ಕುಲುಕಾಡುತ್ತದಂತೆ. ಬಸ್ಸಿಗೆ ಒಯ್ದರು. ಆಗಿನ ಪರದೆಗಳು ನಿಮಗೆ ನೆನಪಿರಬೇಕು, ಹಿಂದೆ ಗೂನು ಬೆನ್ನಿನ ಹಳೆಯ ಟೀವಿಯಂಥವು. ಅದನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂಡಿಸಿ, ಕಂಪ್ಯೂಟರಿನ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ತಾವು ಅದರ ಪಕ್ಕ ಕೂತರು.

ಕಂಡಕ್ಟರ್ ಬಂದ. “ಸರ, ಇದಕ್ಕ ಹಾಫ್ ಹರೀಲೋ, ಫುಲ್ ಹರೀಲೋ?”

“ಫುಲ್ ಹರಿ. ಆದ್ರ ಅದಕ್ಕ ಯಾರ ಕೈಯೂ ತಾಕಬಾರದು.”

“ಮತ್ತ ಅಕ್ಕಾರು ಎಲ್ಲಿ ಕುಂದರಬೇಕು?”

“ಆಕಿಗೆ ನಿಂತ ಹೋಗೋದು ರೂಢಿ ಐತಿ.”

ಕುಷ್ಟಗಿಯ ತನಕ ಅಕ್ಕ ನಿಂತೇ ಹೋದರು. ಈ ಕತೆಯನ್ನು ನಮಗೆ ಹೇಳಿದ್ದೂ ಅವರೇ, ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತ. ಅವರ ಜಾಗದಲ್ಲಿ ನನ್ನ ಹೆಂಡತಿ ಇದ್ದಿದ್ದರೆ ಆ ಪರದೆ ಯಲಬುರ್ಗಾದ ಅಗಸಿ ಬಾಗಿಲನ್ನೂ ದಾಟುತ್ತಿರಲಿಲ್ಲ.

ಕೊನೆಗೆ ನನ್ನ ಗ್ರಹಚಾರಕ್ಕೆ ಗಂಗಾವತಿಗೇ ಬಂದರು. ಅಷ್ಟು ಹೊತ್ತಿಗೆ ಯಂತ್ರ ಬೆಳೆದು, ಒಳಗೆ ನೀಲಿ ಕೆಂಪು ದೀಪ ಹತ್ತಿಸಿಕೊಂಡು, ಗಣಪತಿ ಪೆಂಡಾಲಿನಂತೆ ಆಗಿತ್ತು. ಒಂದು ಬೇಸಿಗೆಯ ಮಧ್ಯಾಹ್ನ ಅವರ ಮನೆಗೆ ಹೋದೆ. ಭಟ್ಟಿಯ ಮುಂದೆ ದುಡಿಯುವ ನನಗೇ ಸೆಕೆ ತಡೆಯದ ದಿನ. ಷಡ್ಡಕರು ಕಂಪ್ಯೂಟರಿನ ಒಂದು ಪಕ್ಕದ ತಗಡನ್ನು ಬಿಚ್ಚಿಟ್ಟು, ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಕರುಳಿಗೆ ಗುರಿಯಿಟ್ಟು ನಿಲ್ಲಿಸಿದ್ದರು. ನಾನು ಅಂಗಿಯಿಂದ ಗಾಳಿ ಬೀಸಿಕೊಳ್ಳುತ್ತ ಕೂತೆ.

“ಅಣ್ಣಾರ, ಫ್ಯಾನ್ ಒಂದೀಟ ಈ ಕಡೆ ತಿರುವ್ರಿ.”

ಅವರು ತಿರುಗಿ ನೋಡದೆ ಹೇಳಿದರು: “ನಿನಗ ಬೆವರು ಬರತೈತಿ ತಮ್ಮಾ. ಅದಕ್ಕ ಬೆವರೂ ಬರೂದಿಲ್ಲ. ಪಾಪ ಅದೇನ ಮಾಡಬೇಕು?”

ನಾನೇ ಎದ್ದು ಕಂಪ್ಯೂಟರಿನ ಪಕ್ಕಕ್ಕೆ ಹೋಗಿ ಕೂತೆ.

ಇನ್ನು ಧೂಳು. ಗಂಗಾವತಿ ರೈಸ್ ಮಿಲ್ಲುಗಳ ಊರು, ಸುಗ್ಗಿಯಲ್ಲಿ ಗಾಳಿಯಲ್ಲೇ ಭತ್ತದ ಹೊಟ್ಟು ಇರುತ್ತದೆ. ಮನುಷ್ಯರಾದ ನಾವು ಕೆಮ್ಮಿ ಸುಧಾರಿಸಿಕೊಳ್ಳುತ್ತೇವೆ, ಅವರ ಯಂತ್ರ ಬಾಯಿ ಮುಚ್ಚಿಕೊಂಡು ನಿಂತುಬಿಡುತ್ತದೆ. ಒಮ್ಮೆ ಅದನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಪಂಕ್ಚರ್ ಅಂಗಡಿಗೆ ಒಯ್ದರು. “ಎಷ್ಟ ಗಾಳಿ ಹೊಡೀಲಿ ಸರ?” ಎಂದು ಕೇಳಿದ ಅಂಗಡಿಯವನಿಗೆ, “ಮುಂದಿನ ಗಾಲಿಗೆ ಹೊಡಿಯೂವಷ್ಟು” ಎಂದರು. ಹೊಡೆದ. ಧೂಳೇನೋ ಹೋಯಿತು, ಜೊತೆಗೆ ಒಳಗಿದ್ದ ಪುಟ್ಟ ಫ್ಯಾನು ಗರ್ರನೆ ತಿರುಗಿ ರೆಕ್ಕೆ ಮುರಿದುಕೊಂಡಿತು. ಷಡ್ಡಕರು ಕಚೇರಿಗೆ ರಜೆ ಬರೆದರು. ಕಾರಣ: ಮನೆಯಲ್ಲಿ ಅನಾರೋಗ್ಯ.

ಆಡಿಕೊಂಡು ಸುಮ್ಮನಿರುತ್ತಾರೆಯೇ? ಅದೂ ಇಲ್ಲ. ಸಂಜೆ ನನ್ನ ಅಂಗಡಿಗೆ ಬಂದು, ಚಹಾದಲ್ಲಿ ಟೋಸ್ಟ್ ಅದ್ದಿಕೊಂಡು ಅಭಿಪ್ರಾಯಗಳನ್ನು ಹಂಚುತ್ತಾರೆ. ಮೊಬೈಲಿನಲ್ಲಿ ಆಡುವವರನ್ನು ಕಂಡರೆ ಅವರಿಗೆ ಆಗದು. ಒಂದು ದಿನ ಬಾಗಿಲ ಬಳಿ ಮೂವರು ಹುಡುಗರು ಮೊಬೈಲಿನೊಳಗೆ ಮೂಗು ತೂರಿಸಿ ನಿಂತಿದ್ದರು. ಇವರಿಗೆ ತಡೆಯಲಾಗಲಿಲ್ಲ.

“ಅದು ಆಟ ಅಲ್ಲೋ ತಮ್ಮಾ. ಕಣ್ಣಾಗ ಕಸ ಬಿದ್ರ ತಿಕ್ಕೊಂಡಂಗ ಬೆರಳ ತಿಕ್ಕೂದು ಅದು.”

“ನೀವೂ ಆಡ್ತೀರೇನ್ರಿ ಕಾಕಾ?” ಎಂದ ಒಬ್ಬ.

“ನಿಮ್ಮಪ್ಪ ಗೋಲಿ ಆಡೂವಾಗಿಂದ ಆಡಾಕತ್ತೇನಿ.”

“ಹಂಗಾರ ಬರ್ರಿ, ಒಂದ ಮ್ಯಾಚ್ ಆಗಲಿ.”

ಹುಡುಗರ ಮೊಬೈಲೊಂದನ್ನು ಇಸಿದುಕೊಂಡು ಕೂತರು. ಚಹಾ ಆರುವ ಮೊದಲೇ ಸತ್ತರು. ಹೆಬ್ಬೆರಳು ದಪ್ಪ, ಗಾಜಿನ ಮೇಲೆ ಆಡುವುದು ಹೆಣ್ಣುಮಕ್ಕಳ ರಂಗೋಲಿ ಇದ್ದಂತೆ, ಗಂಡಸಿಗೆ ಕೈಗೆ ಸಿಗುವ ಕೀಬೋರ್ಡಿನ ಕೀಲಿಗಳು ಬೇಕು ಎಂದು ಅರ್ಧ ಗಂಟೆ ಭಾಷಣವಾಯಿತು. ಕೇಳಲು ನಾನೊಬ್ಬನೇ ಉಳಿದಿದ್ದೆ.

ಒಂದು ಮಾತನ್ನು ಮಾತ್ರ ಒಪ್ಪುತ್ತೇನೆ. ಈಗಿನ ಕಂಪನಿಗಳು ಆಟವನ್ನು ಅರ್ಧಕ್ಕೇ ಮಾರಿ, ಉಳಿದದ್ದನ್ನು ಆಮೇಲೆ ತಿದ್ದಿ ಕಳಿಸುತ್ತವಂತೆ. ಅದನ್ನು ಇಳಿಸಿಕೊಳ್ಳಲು ಇವರು ರಾತ್ರಿಯೆಲ್ಲ ಯಂತ್ರ ಹಚ್ಚಿ ಮಲಗುತ್ತಾರಂತೆ. ನಾನು ಹಸಿಬಿಸಿ ಬ್ರೆಡ್ ಮಾರಿ, ನಡುವಿನದು ಬುಧವಾರ ಬೇಯಿಸಿ ಕೊಡುತ್ತೇನೆ ಎಂದರೆ ನೀವು ನನ್ನ ಅಂಗಡಿ ಮುಂದೆ ಹಾಯುತ್ತೀರಾ? ಇವರು ಹಾಯುತ್ತಾರೆ. ಬೈಯುತ್ತಲೇ ಕೊಳ್ಳುತ್ತಾರೆ.

ಹೀಗಿರುವಾಗ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಕೊಪ್ಪಳದ ದವಾಖಾನೆಯಲ್ಲಿ ಆಪರೇಶನ್ ಆಯಿತು. ಆದಿತ್ಯವಾರ ಮನೆಗೆ ಕಳಿಸುತ್ತೇವೆ, ಆದರೆ ಮೂರು ತಿಂಗಳು ಹಾಸಿಗೆ ಬಿಟ್ಟು ಏಳುವಂತಿಲ್ಲ ಎಂದರು ಡಾಕ್ಟರು. ಅದೇ ವಾರ ಷಡ್ಡಕರ ಕಂಪ್ಯೂಟರಿನ ಕಾರ್ಡೂ ಕೆಟ್ಟಿತು. ಕಾರ್ಡು ಅಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಹಲಗೆ. ಅದಿಲ್ಲದೆ ಇವರ ಆಟಗಳು ಏಳುವುದಿಲ್ಲ. ಹೆಂಡತಿ ಮಲಗಿದ್ದಾಳೆ, ಕಾರ್ಡು ಸತ್ತಿದೆ. ಮನುಷ್ಯ ಯಾವುದರ ಹಿಂದೆ ಓಡಾಡಬೇಕು? ಇವರು ಬೆಳಗ್ಗೆ ದವಾಖಾನೆ, ಸಂಜೆ ಗಂಗಾವತಿಯ ರಿಪೇರಿ ಅಂಗಡಿಗಳು. ಎಲ್ಲರದೂ ಒಂದೇ ಮಾತು: ಹೊಸದು ತರಿಸಿರಿ, ಬರಲು ಎರಡು ವಾರ ಬೇಕು.

ಶುಕ್ರವಾರ ಮಧ್ಯಾಹ್ನ ನನ್ನ ಬೇಕರಿಗೆ ಬಂದರು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ಗಂಟು.

“ತಮ್ಮಾ, ನಿನ್ನ ಭಟ್ಟಿ ಒಂದ ಹತ್ತ ನಿಮಿಷ ಬೇಕಿತ್ತು.”

“ಏನ್ ಬೇಯಸಾಕ್ರಿ?”

ಗಂಟು ಬಿಚ್ಚಿದರು. ಕಾರ್ಡು.

ನನಗೆ ಮೊದಲು ಬಂದದ್ದು ಅಕ್ಕನ ನೆನಪು: ದುಃಖಕ್ಕೆ ತಲೆ ಕೆಟ್ಟಿತು ಮನುಷ್ಯನಿಗೆ ಎಂದುಕೊಂಡೆ. ಆದರೆ ಅವರು ಶಾಂತವಾಗಿ ವಿವರಿಸಿದರು. ಇದರೊಳಗಿನ ಸಣ್ಣ ಸಣ್ಣ ಬೆಸುಗೆಗಳು ಬಿರುಕು ಬಿಟ್ಟಿರುತ್ತವಂತೆ. ಹದವಾದ ಕಾವು ಕೊಟ್ಟರೆ ಮತ್ತೆ ಕರಗಿ ಕೂಡಿಕೊಳ್ಳುತ್ತವಂತೆ. ದೇಶವಿದೇಶದ ಆಟಗಾರರೆಲ್ಲ ಮನೆಯ ಓವನ್ನಿನಲ್ಲಿ ಹೀಗೆ ಮಾಡುತ್ತಾರಂತೆ. ಮೊದಲು ಮನೆಯ ರೊಟ್ಟಿ ಹಂಚಿನ ಮೇಲೆ ಮಾಡೋಣವೆಂದಿದ್ದರಂತೆ, ಒಂದೇ ಮಗ್ಗುಲು ಬೇಯುತ್ತದೆಂದು ಬಿಟ್ಟರಂತೆ.

“ಅಣ್ಣಾರ, ಅಕ್ಕಾರು ದವಾಖಾನ್ಯಾಗ ಮಲಗ್ಯಾರ. ನಿಮಗ ಆಟದ್ದ ಚಿಂತಿ ಆಗೈತಲ್ಲ?”

“ಆಕಿ ಆದಿತವಾರ ಬರ್ತಾಳ. ಅಷ್ಟರಾಗ ಇದು ಏಳಬೇಕು.”

“ಯಾಕ? ಆಕಿ ಬಂದ್ರ ನಿಮಗ ಆಡಾಕ ಹೊತ್ತ ಸಿಗೂದಿಲ್ಲಂತನಾ?”

ಅವರು ಟವೆಲಿನ ತುದಿಯಿಂದ ಕಾರ್ಡಿನ ಧೂಳು ಒರೆಸಿದರು. ನನ್ನ ಭಟ್ಟಿಗೆ ದಿನಾ ಪೂಜೆ ಆಗುತ್ತದೆ, ಮೊಟ್ಟೆ ಹಾಕಿದ ಕೇಕಿಗೂ ಹಾಕದ ಕೇಕಿಗೂ ಬೇರೆ ಬೇರೆ ತಗಡು ಇಟ್ಟಿದ್ದೇನೆ. ಅಂಥದರಲ್ಲಿ ಈ ಕಂಪ್ಯೂಟರ್ ಹಲಗೆಯನ್ನು ಹಾಕುವುದೇ? ಆಗುವುದಿಲ್ಲ ಎಂದೆ. ಅವರು ಹೊರಗೆ ನಿಂತು ನನ್ನ ಹೆಂಡತಿಗೆ ಫೋನು ಮಾಡಿದರು. ಆಕೆ ನನಗೆ ಮಾಡಿದಳು. ಹೆಂಡತಿಗೆ ಎದುರು ಮಾತಾಡುವಷ್ಟು ನಾನು ಓದಿಲ್ಲ. ಬ್ರೆಡ್ ಎಲ್ಲ ಹೊರಗೆ ತೆಗೆದ ಮೇಲೆ, ಒಂದು ಹಳೆಯ ತಗಡು ಹುಡುಕಿ ಕೊಟ್ಟೆ.

“ಇನ್ನೂರು ಡಿಗ್ರಿ ಇರಬೇಕು,” ಎಂದರು.

“ನನ್ನ ಭಟ್ಟಿಗೆ ಡಿಗ್ರಿ ತಿಳಿಯೂದಿಲ್ಲರಿ. ಬ್ರೆಡ್ ಕಾವು, ಖಾರಿ ಬಿಸ್ಕೀಟಿನ ಕಾವು, ಟೋಸ್ಟ್ ಕಾವು. ಯಾವುದು ಬೇಕು?”

ಬಹಳ ಹೊತ್ತು ಯೋಚಿಸಿ, “ಖಾರಿ ಕಾವು” ಎಂದರು.

ಕಾರ್ಡಿನ ನಾಲ್ಕು ಮೂಲೆಗೆ ತಗಡಿಗೆ ತಾಗದಂತೆ ಬೆಳ್ಳಿ ಕಾಗದದ ಉಂಡೆ ಕಟ್ಟಿ, ತಗಡಿನ ಮೇಲೆ ಮಲಗಿಸಿ, ನಾನೇ ಉದ್ದನೆಯ ಮರದ ಹುಟ್ಟಿನಿಂದ ಒಳಗೆ ಸರಿಸಿದೆ. ಷಡ್ಡಕರು ಗಡಿಯಾರ ನೋಡುತ್ತ ಭಟ್ಟಿಯ ಬಾಯಿಗೆ ನಿಂತರು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಅಂಗಡಿ ತುಂಬಿತು. ಹೊರಗೆ ತೆಗೆದು ಆರಲು ಇಟ್ಟಾಗ ಟೋಸ್ಟಿಗೆ ಬಂದ ಮುದುಕಿಯೊಬ್ಬಳು ಬಗ್ಗಿ ನೋಡಿದಳು.

“ಇದೇನಪಾ, ಹೊಸಾ ನಮೂನಿ ಬಿಸ್ಕೀಟೇನು?”

“ಹೌದ ಬೇ ಯವ್ವಾ. ಸರ್ಕಾರಿ ನೌಕರರು ತಿಂತಾರ.”

“ಹಲ್ಲ ಇದ್ದಾವ್ರು ತಿನ್ಲಿ ಬಿಡಪಾ,” ಎಂದು ಆಕೆ ತನ್ನ ಟೋಸ್ಟ್ ತೆಗೆದುಕೊಂಡು ಹೋದಳು.

ಷಡ್ಡಕರಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕಾರ್ಡನ್ನು ಬಾಣಂತಿಯ ಕೂಸಿನಂತೆ ಟವೆಲಿನಲ್ಲಿ ಸುತ್ತಿಕೊಂಡು ಹೋದರು. ನಾನು ಆ ವಾಸನೆ ಹೋಗಲೆಂದು ಸಂಜೆಯ ತನಕ ಖಾಲಿ ಭಟ್ಟಿ ಉರಿಸಿದೆ. ಉರಿಸುತ್ತ ಒಂದು ಮಾತು ಕಟ್ಟಿದೆ. ಆದಿತ್ಯವಾರ ಅಕ್ಕನನ್ನು ನೋಡಲು ಹೋದಾಗ, ಎಲ್ಲರ ಮುಂದೆ, ಆ ಕುರ್ಚಿಯ ಮನುಷ್ಯನಿಗೆ ಹೇಳಬೇಕಾದ ಮಾತು. ಗಂಡ ಎಂದರೆ ಏನು, ಸಂಸಾರ ಎಂದರೆ ಏನು ಎಂದು ಶುರುವಾಗಿ, ಥೂ ಎಂದು ಮುಗಿಯುವ ಮಾತು.

ಆದಿತ್ಯವಾರ ಮಧ್ಯಾಹ್ನ ಬ್ರೆಡ್ಡಿನ ಪೊಟ್ಟಣ ಹಿಡಿದು ಹೋದೆ. ಬಾಗಿಲು ತೆರೆದೇ ಇತ್ತು. ಒಳಕೋಣೆಯ ಮಂಚ ಅಲ್ಲಿರಲಿಲ್ಲ. ಅದನ್ನು ತಂದು ಕಂಪ್ಯೂಟರಿನ ಮುಂದೆ ಹಾಕಿದ್ದರು. ಅಕ್ಕ ಬೆನ್ನಿಗೆ ದಿಂಬು ಕೊಟ್ಟುಕೊಂಡು ಒರಗಿದ್ದರು. ಮಂಚಕ್ಕೆ ಹೊಂದಿಕೊಂಡಂತೆ ಷಡ್ಡಕರ ಸ್ಟೂಲು. ಪರದೆ ಬೆಳಗುತ್ತಿತ್ತು. ಅದರಲ್ಲಿ ಬಂದೂಕಿಲ್ಲ, ಹೆಣವಿಲ್ಲ. ಹಸಿರು ಗುಡ್ಡ, ಅದನ್ನು ಏರುತ್ತಿರುವ ಒಬ್ಬ ಮನುಷ್ಯ.

“ಬಲಕ್ಕ ಹೋಗ್ರಿ. ಅಲ್ಲೇನೋ ಹೊಳಿತೈತಿ, ಹಳ್ಳ ಇರಬೇಕು,” ಎನ್ನುತ್ತಿದ್ದರು ಅಕ್ಕ.

“ಹಳ್ಳಾನ.”

“ಕಲ್ಲ ಮ್ಯಾಲಿಂದ ದಾಟ್ರಿ, ಕಾಲ ಹಸಿ ಆದಾವು.”

ಅವರು ಕಲ್ಲಿನ ಮೇಲಿಂದ ದಾಟಲು ಹೋಗಿ ಹಳ್ಳಕ್ಕೆ ಬಿದ್ದರು. ಅಕ್ಕ ನಕ್ಕರು, ನಗುವಾಗ ಸೊಂಟ ಹಿಡಿಯಿತು, ಆದರೂ ನಕ್ಕರು. ನನ್ನನ್ನು ನೋಡಿ, “ಬರ್ರಿ, ಕುಂದರ್ರಿ. ಗುಡ್ಡಾ ಏರಾಕತ್ತೀವಿ,” ಎಂದರು. “ದವಾಖಾನ್ಯಾಗ ಮ್ಯಾಲಿನ ಫ್ಯಾನ್ ನೋಡಿ ನೋಡಿ ಸಾಕಾತ್ರಿ. ಇನ್ನ ಮೂರ ತಿಂಗಳ ಹಿಂಗ ಬೀಳಬೇಕಲ್ಲ ಅಂತ ಒಂದಿನ ಅತ್ತೆ. ಅಳಬ್ಯಾಡ, ಆದಿತವಾರದಿಂದ ದಿನಾ ಅಡ್ಡಾಡಾಕ ಕರಕೊಂಡ ಹೊಕ್ಕೀನಿ ಅಂದ್ರು. ನಿಮ್ಮಣ್ಣಾರ ತಲಿ ನೆಟ್ಟಗ ಐತೋ ಇಲ್ಲೋ ಅಂತ ನನಗೂ ಅನುಮಾನ ಆಗಿತ್ತು.”

ಪರದೆಯ ನಡುವೆ ಒಂದು ಗೆರೆ ಸಣ್ಣಗೆ ನಡುಗುತ್ತಿತ್ತು. ಬೆಂದ ಕಾರ್ಡಿನ ಗಾಯ ಅದು ಎಂದು ನನಗೂ ತಿಳಿಯಿತು.

“ಅದೇನ್ರಿ, ತಂತಿ ಬೇಲಿ?” ಎಂದು ಕೇಳಿದರು ಅಕ್ಕ.

“ಹೂಂ, ಬೇಲಿ,” ಎಂದರು ಷಡ್ಡಕರು.

ಮನುಷ್ಯ ಹುಚ್ಚನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಕಟ್ಟಿಕೊಂಡು ಹೋದ ಮಾತು ಎಲ್ಲಿಂದ ಶುರುವಾಗಬೇಕು ಎನ್ನುವುದೇ ತಿಳಿಯಲಿಲ್ಲ. ಬ್ರೆಡ್ಡಿನ ಪೊಟ್ಟಣವನ್ನು ಮಂಚದ ಮೇಲಿಟ್ಟು, ನೆಲದ ಮೇಲೆ ಕೂತು, ನಾನೂ ಗುಡ್ಡ ನೋಡಿದೆ. ಹಳ್ಳ ದಾಟಿದ ಮೇಲೆ ಏರು ಕಡಿದಾಯಿತು. ಷಡ್ಡಕರು ಬಿರಬಿರನೆ ಏರಿಸತೊಡಗಿದರು.

“ಸಾವಕಾಶ ಹೋಗ್ರಿ,” ಎಂದರು ಅಕ್ಕ. “ನನಗ ದಮ್ಮ ಹತ್ತೈತಿ.”

ಷಡ್ಡಕರು ಕೀಲಿಗಳಿಂದ ಕೈ ತೆಗೆದರು. ಗುಡ್ಡದ ಅರ್ಧಕ್ಕೆ ಆ ಮನುಷ್ಯ ನಿಂತ. ಅವನ ಸುತ್ತ ಹುಲ್ಲು ಗಾಳಿಗೆ ತೂಗುತ್ತಿತ್ತು. ಇವರು ಪರದೆ ಬಿಟ್ಟು ಹೆಂಡತಿಯ ಕಡೆ ತಿರುಗಿ ಕೂತರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು:

“ಈಗ ಹೋಗೂಣೇನು?”

“ಒಂದೀಟ ತಡೀರಿ.”

ತಡೆದರು.