ಹಗ್ಗದ ಜಗಳದಲ್ಲಿ ನನ್ನ ವಿದೇಶಾಂಗ ನೀತಿ

ಮೂರನೆಯ ಮಹಾಯುದ್ಧ ಶುರುವಾಗಬಹುದಿತ್ತು. ಅಮೆರಿಕದ ಹಡಗು ಬಾರದೆ ರೇಷನ್ ಗೋಧಿ ನಿಲ್ಲಬಹುದಿತ್ತು. ಸೀಮೆಎಣ್ಣೆಯ ಕ್ಯೂ ಹಲಸೂರು ಕೆರೆಯವರೆಗೂ ಬೆಳೆಯಬಹುದಿತ್ತು. ಹೆರಿಗೆಗೆ ಬರಲಿದ್ದ ಮಗಳು ನಮ್ಮ ವಠಾರದ ರಂಪ ನೋಡಿ ಗಂಡನ ಮನೆಗೇ ವಾಪಸು ಹೊರಡಬಹುದಿತ್ತು. ಇದೆಲ್ಲವನ್ನೂ ನಾನು ಮುಂಚಿತವಾಗಿಯೇ ಯೋಚಿಸಿ ಮುಗಿಸಿದ್ದೆ. ಚಿಂತಿಸುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕಂಟೋನ್ಮೆಂಟಿನಲ್ಲಿ ಇಲ್ಲ.

ಆಗ ತಾನೇ ಅಮೆರಿಕದ ಹೊಸ ಅಧ್ಯಕ್ಷರು, ಇನ್ನು ಪರರ ಯುದ್ಧ ಪರರೇ ಮಾಡಿಕೊಳ್ಳಲಿ, ನಾವು ಆಯುಧ ಮತ್ತು ಸಲಹೆ ಮಾತ್ರ ಕೊಡುತ್ತೇವೆ ಎಂಬ ಧಾಟಿಯಲ್ಲಿ ಮಾತಾಡಿದ್ದರು. ಕಂಡವರ ಜಗಳಕ್ಕೆ ನುಗ್ಗುವ ಹಳೆಯ ಚಾಳಿ ಮುಗಿಯಿತೆಂದು ನಾನು ನಮ್ಮ ವಿಮಾ ಆಫೀಸಿನಲ್ಲಿ ಸಾರಿದೆ. ಪಕ್ಕದ ಮೇಜಿನ ಬಷೀರ್ ಸಾಹೇಬರು ಶಿವಾಜಿನಗರದವರು, ಸುಲಭಕ್ಕೆ ಒಪ್ಪುವ ಪೈಕಿಯಲ್ಲ. “ಅರೇ ಸ್ವಾಮಿ, ಸಿಪಾಯಿ ಬದ್ಲು ಬಂದೂಕು ಹೋದ್ರೆ ಹೊಸ ಪಾಲಿಸಿನಾ? ರಿನ್ಯೂವಲ್ ಅನ್ನಿ!”

ಅವರಿಗೆ ಉತ್ತರ ಕೊಡಲೆಂದೇ ಎಂಬಂತೆ ವಠಾರದಲ್ಲಿ ಯುದ್ಧ ಬಂತು. ತಾರಸಿಯಲ್ಲಿ ಬಟ್ಟೆ ಒಣಹಾಕಲು ಇರುವುದು ಒಂದೇ ಹಗ್ಗ. ಮಹಡಿಯ ರಾಜಮ್ಮನವರಿಗೂ ಎದುರು ಮನೆಯ ಮರಗದಂ ಮಾಮಿಗೂ ಅದರ ಬಿಸಿಲಿನ ಅರ್ಧವೇ ಬೇಕು. ನನ್ನ ಹೆಂಡತಿ ಗಾಬರಿಯಾದಳು. ಕೂಸಿಗೆ ಎರೆಯುವುದರಲ್ಲಿ ರಾಜಮ್ಮನವರದು ಪಳಗಿದ ಕೈ. ಬಾಣಂತಿ ಲೇಹ್ಯಕ್ಕೆ ಮಾಮಿಯೇ ಆಗಬೇಕು. “ರೀ, ಇಬ್ರೂ ಬೇಕು ನಂಗೆ. ದಮ್ಮಯ್ಯ, ನೀವು ಮಧ್ಯ ತಲೆ ಹಾಕ್ಬೇಡಿ.”

“ಇಲ್ವೇ, ನಂದೀಗ ಹೊಸ ನೀತಿ,” ಎಂದೆ.

ರಾಜಮ್ಮನವರು ದೂರು ತಂದಾಗ ನಾನು ನ್ಯಾಯ ಹೇಳಲಿಲ್ಲ. ಅಮ್ಮನ ಕಾಲದಲ್ಲಿ ಮಡಿಬಟ್ಟೆ ಹರವುತ್ತಿದ್ದ ಬಿದಿರುಕೋಲೊಂದನ್ನು ಕೊಟ್ಟು ಸುಮ್ಮನಾದೆ. ಪಕ್ಷಪಾತ ಬೇಡವೆಂದು ಇನ್ನೊಂದನ್ನು ಮಾಮಿಗೆ ಕೊಟ್ಟೆ. ಎದುರಾಳಿಯ ಬಟ್ಟೆಯನ್ನು ದೂರದಿಂದಲೇ ತಳ್ಳುವುದು ಹೇಗೆಂದು ಇಬ್ಬರಿಗೂ ಸ್ವಲ್ಪ ಸಲಹೆಯನ್ನೂ ಕೊಟ್ಟೆ. ಭಾನುವಾರ ತಾರಸಿಯಲ್ಲಿ ಕೋಲಿಗೆ ಕೋಲು ತಾಗಿದ ಸದ್ದು. ರಾಜಮ್ಮನವರ ಒದ್ದೆ ಸೀರೆ ಬಾವುಟದಂತೆ ಹಾರಿ ಬೀದಿಯಲ್ಲಿ ಹೋಗುತ್ತಿದ್ದ ಜಟಕಾದ ಮೇಲೆ ಬಿದ್ದು ಶಿವಾಜಿನಗರದ ಕಡೆ ಹೊರಟೇ ಹೋಯಿತು. ಮಗಳು ಬರುವುದು ಮಾರನೆಯ ದಿನ.

“ನಾನು ತಾರಸಿಗೆ ಕಾಲೇ ಇಟ್ಟಿಲ್ಲ ಕಣೇ!” ಎಂದೆ ಹೆಂಡತಿಗೆ.

“ಇಬ್ರ ಕೈಗೂ ಕೋಲು ಕೊಟ್ಟು ಕೈ ತೊಳ್ಕೊಂಡ್ರೆ ತಲೆ ಹಾಕಿಲ್ಲ ಅಂತಾನಾ? ಮುಂಚೆ ನೀವೇ ಹೋಗಿ ಕೂಗಾಡ್ತಿದ್ರಿ, ನಿಮ್ಮ ಗಂಟಲಷ್ಟೇ ಕೆಡ್ತಿತ್ತು!”

ಅವಳೇ ಕಾಫಿ ಹಿಡಿದು ತಾರಸಿಗೆ ಹೋದಳು. ಎರಡು ಕೋಲೂ ಒಂದೇ ಮನೆಯಿಂದ ಬಂದದ್ದೆಂದು ಇಬ್ಬರಿಗೂ ಒಟ್ಟಿಗೆ ತಿಳಿಸಿದಳು. ಮುಂದಿನ ಅರ್ಧ ಗಂಟೆ ನನ್ನನ್ನು ಬೈಯುವುದರಲ್ಲಿ ಅವರಿಬ್ಬರಿಗೆ ಸಂಪೂರ್ಣ ಒಮ್ಮತವಿತ್ತು. ಸಂಜೆಗೆ ಇಬ್ಬರೂ ನಮ್ಮ ಅಡುಗೆಮನೆಯಲ್ಲಿ ಕೂತು ಶುಂಠಿ ಕುಟ್ಟುತ್ತಿದ್ದರು.

ಮಹಾಯುದ್ಧವಾಗಲಿಲ್ಲ, ಗೋಧಿಯೂ ಬಂತು, ಮೊಮ್ಮಗ ಗುಂಡಗಿದ್ದಾನೆ. ಆದದ್ದು ಇಷ್ಟೇ: ಶಾಂತಿ ಒಪ್ಪಂದದಲ್ಲಿ ಹಗ್ಗ ಮೂರು ಭಾಗವಾಯಿತು, ರಾಜಮ್ಮನವರಿಗೆ, ಮಾಮಿಗೆ, ಕೂಸಿನ ಬಟ್ಟೆಗೆ. ನನ್ನ ಪಂಚೆಗೆ ಜಾಗವಿಲ್ಲ. ದಿನಾ ಬೆಳಿಗ್ಗೆ ಅದರ ಎರಡು ತುದಿ ಹಿಡಿದು ಬಾಗಿಲ ಬಿಸಿಲಿಗೆ ನಿಲ್ಲುತ್ತೇನೆ. ಎರಡು ಕೈಯೂ ಖಾಲಿಯಿಲ್ಲದ್ದರಿಂದ ಈಗ ಯಾರ ಕೈಗೂ ಏನನ್ನೂ ಕೊಡಲಾಗುತ್ತಿಲ್ಲ. ಅಧ್ಯಕ್ಷರದು ಗೊತ್ತಿಲ್ಲ, ನನ್ನ ನೀತಿಯಂತೂ ನಿಜವಾಗಿ ಬದಲಾಗಿದೆ.