ಸ್ವಲ್ಪ ಜೋರಾಗಿ ಮಾತಾಡಿ, ಮೇಡಂ

ಕೆಲವರಿಗೆ ಲಾಟರಿ ಹೊಡೆಯುತ್ತದೆ, ಕೆಲವರಿಗೆ ಕೂತಲ್ಲೇ ಪ್ರಮೋಷನ್ ಬರುತ್ತದೆ. ನನಗೆ ಇಂಥ ಫಜೀತಿಗಳು ಆಗುತ್ತಿರುತ್ತವೆ. ನಾನೇನೂ ಹುಡುಕಿಕೊಂಡು ಹೋಗುವುದಿಲ್ಲ. ಅವೇ ಮನೆ ಬಾಗಿಲು ತಟ್ಟುತ್ತವೆ. ಒಂದು ಸಲವಂತೂ ಪೊಲೀಸರನ್ನೇ ಕರೆದುಕೊಂಡು ಬಂದವು.

ಆಗ ನಾವಿದ್ದದ್ದು ನ್ಯೂಜೆರ್ಸಿಯ ಮೆಟುಚೆನ್‌ನಲ್ಲಿ. ನಮ್ಮ ಮನೆಯವರು ಬೆಳಗ್ಗೆ ರೈಲು ಹಿಡಿದು ಮ್ಯಾನ್‌ಹಟನ್‌ನ ಒಂದು ಬ್ಯಾಂಕಿಗೆ ಹೋಗುತ್ತಿದ್ದರು. ನಾನು ಪಾರ್ಸಿಪನಿಯಲ್ಲಿ ಮನೆಸಾಲ ಕೊಡುವ ಕಂಪನಿಯೊಂದರ ಫೋನ್ ಡೆಸ್ಕಿಗೆ. ದೊಡ್ಡ ದೊಡ್ಡ ಬ್ಯಾಂಕುಗಳು ಒಂದೊಂದಾಗಿ ಮಗುಚಿಕೊಳ್ಳುತ್ತಿದ್ದ ಕಾಲ ಅದು. ದಿನವಿಡೀ ಹೆಡ್‌ಸೆಟ್ ಹಾಕಿಕೊಂಡು, ಕಂತು ಕಟ್ಟಲಾಗದವರ ಗೋಳು ಕೇಳಿ ಸಮಾಧಾನ ಹೇಳುವುದು ನನ್ನ ಕೆಲಸ. ಅದರ ನಡುವೆ ಥೈರಾಯ್ಡ್ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜತೆಗೆ ದನಿಯೂ ಹೋಯಿತು. "ನರಕ್ಕೆ ಪೆಟ್ಟಾಗಿದೆ, ಆರು ತಿಂಗಳಿಗೆ ಬರಬಹುದು, ವರ್ಷಕ್ಕೆ ಬರಬಹುದು" ಎಂದರು ಸರ್ಜನ್. ಬರದೆಯೂ ಇರಬಹುದು ಎನ್ನುವುದನ್ನು ಮಾತ್ರ ಬಾಗಿಲ ತನಕ ಹೋಗಿ, ತಿರುಗಿ ನಿಂತು ಹೇಳಿದರು.

ನಾನು ಮೈಸೂರಿನವಳು. ಮನೆಯಲ್ಲಿ ಉರ್ದು, ಗೆಳತಿಯರ ಜತೆ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್. ಒಂದೇ ಬೆಳಗ್ಗೆ ಮೂರೂ ಭಾಷೆಗಳಲ್ಲಿ ಮೂಕಿಯಾದೆ. ಉಳಿದದ್ದು ಪಿಸುಮಾತು. ನಾಲ್ಕು ಮಾತು ಪಿಸುಗುಟ್ಟಿದರೆ ಮಹಡಿ ಹತ್ತಿದಷ್ಟು ಏದುಸಿರು. ಗುಟುಕು ನೀರು ಕುಡಿದರೆ ಕೆಮ್ಮು. ಕಂಪನಿಯವರು "ದನಿ ಬಂದ ಮೇಲೆ ಬನ್ನಿ" ಎಂದರು. ಇವರ ಬ್ಯಾಂಕಿನಲ್ಲಿ ಶುಕ್ರವಾರ ಬಂತೆಂದರೆ ಯಾರೋ ಒಬ್ಬರು ತಮ್ಮ ಮೇಜಿನ ಸಾಮಾನನ್ನು ರಟ್ಟಿನ ಡಬ್ಬದಲ್ಲಿ ತುಂಬಿಕೊಂಡು ಹೊರಟುಹೋಗುತ್ತಿದ್ದರು. ಹಾಗಾಗಿ ಕಾಯಿಲೆಯವರಿಗೆ ಸರ್ಕಾರ ಕೊಡುವ ಡಿಸೆಬಿಲಿಟಿ ಭತ್ಯೆ ನಮಗೆ ಬೇಕೇ ಬೇಕಿತ್ತು. ಅಲ್ಲಿಂದ ಶುರು.

೧. ಕೆಮ್ಮಿದರೆ ಸಾಕು

ಭತ್ಯೆಗೆ ಮೊದಲು ಫೋನ್ ಮಾಡಬೇಕು. ಮಾತು ಹೋಗಿದೆ ಎನ್ನುವುದನ್ನು ಮಾತಾಡಿಯೇ ಹೇಳಬೇಕು. ಇವರು ರಜೆ ಹಾಕಿ, ಫೋನ್ ಹಚ್ಚಿ, ಎಲ್ಲವನ್ನೂ ವಿವರಿಸಿದರು. ಆ ಕಡೆಯ ಹೆಂಗಸು ತಾಳ್ಮೆಯಿಂದ ಕೇಳಿ, "ಸರಿ ಸರ್, ಆದರೆ ಅರ್ಜಿ ನಿಮ್ಮ ಹೆಂಡತಿಯದು. ಅವರೇ ಮಾತಾಡಬೇಕು" ಎಂದಳು.

"ಅವಳು ಮಾತಾಡೋ ಹಾಗಿಲ್ಲ ಮೇಡಂ."

"ಮಾತಾಡೋ ಹಾಗಿಲ್ಲ ಅಂದರೆ? ಯಾರು ಹೇಳಿದ್ದು ಹಾಗಂತ?"

ಇವರಿಗೆ ರೇಗಿತು. "ಅವಳು ಮಾತಾಡಲ್ಲ ಅಂತ ಎಷ್ಟು ಸಲ ಹೇಳಲಿ!" ಎಂದು ಕೊಂಚ ಜೋರಾಗಿಯೇ ಅಂದು, ಫೋನನ್ನು ನನ್ನ ಕೈಗೆ ತುರುಕಿದರು.

"ಹಲೋ" ಎಂದು ಪಿಸುಗುಟ್ಟಿದೆ.

ಆಕೆಯ ದನಿ ತಟ್ಟನೆ ಇಳಿಯಿತು. "ಮೇಡಂ, ಅವರು ಪಕ್ಕದಲ್ಲೇ ಇದ್ದಾರಾ?"

"ಇದ್ದಾರೆ."

"ನಿಮಗೆ ಜೋರಾಗಿ ಮಾತಾಡೋಕೆ ಆಗ್ತಿಲ್ಲ, ಅಲ್ವಾ?"

ಸದ್ಯ, ಒಬ್ಬಳಾದರೂ ಅರ್ಥ ಮಾಡಿಕೊಂಡಳಲ್ಲ ಎಂದು ಜೀವ ಹಗುರಾಯಿತು. "ಒಂದು ತಿಂಗಳಿಂದ ಆಗ್ತಿಲ್ಲ."

"ಅಯ್ಯೋ! ಗಂಟಲಿಗೆ ಏನಾದರೂ ಪೆಟ್ಟಾಗಿದೆಯಾ?"

"ಗಂಟಲಿಗೇ ಆಗಿರೋದು."

"ಹೆದರಬೇಡಿ. ಸಹಾಯ ಬೇಕಿದ್ದರೆ ಸುಮ್ಮನೆ ಒಂದು ಸಲ ಕೆಮ್ಮಿ, ಸಾಕು."

ಸಹಾಯ ಬೇಕೆಂದೇ ಫೋನ್ ಮಾಡಿದ್ದು. ಕೆಮ್ಮು ಹೇಗೂ ಬರುತ್ತಿತ್ತು. ಧಾರಾಳವಾಗಿ ಕೆಮ್ಮಿದೆ. ಎಷ್ಟು ಸುಲಭದಲ್ಲಿ ಮುಗಿಯಿತು ಎಂದುಕೊಂಡು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಲು ಕೂತೆ.

ಒಲೆ ಮೇಲಿಟ್ಟ ಕುಕ್ಕರ್ ಇನ್ನೂ ಕೂಗಿರಲಿಲ್ಲ, ಬಾಗಿಲಲ್ಲಿ ಇಬ್ಬರು ಪೊಲೀಸರು. ಒಬ್ಬ ಇವರನ್ನು ಅಂಗಳಕ್ಕೆ ಕರೆದೊಯ್ದ. ಇನ್ನೊಬ್ಬ ನನ್ನ ಮುಂದೆ ಮಂಡಿಯೂರಿ ಕೂತ. ಈರುಳ್ಳಿಗೆ ನನ್ನ ಕಣ್ಣು ತುಂಬಿ ಸುರಿಯುತ್ತಿತ್ತು, ಕುತ್ತಿಗೆಯ ಮೇಲೆ ಕೆಂಪು ಗಾಯ. "ಈಗ ಅವರು ಹೊರಗಿದ್ದಾರೆ, ನೀವು ಜೋರಾಗಿ ಮಾತಾಡಬಹುದು" ಎಂದ. ಅದೊಂದು ಬಿಟ್ಟು ಬೇರೆ ಏನು ಬೇಕಾದರೂ ಮಾಡುತ್ತೇನಪ್ಪಾ ಎಂದು ಆಸ್ಪತ್ರೆಯ ಕಾಗದಗಳನ್ನೆಲ್ಲ ಅವನ ಮುಂದೆ ಹರಡಿದೆ. ಕೊನೆಗೆ ಇಬ್ಬರೂ ನಗುತ್ತಾ, ಕ್ಷಮೆ ಕೇಳಿ ಹೊರಟರು.

ಇವರು ಒಳಗೆ ಬಂದು ಒಲೆ ಆರಿಸಿದರು. ಆಮೇಲೆ ನಿಟ್ಟುಸಿರು ಬಿಟ್ಟು ಅಂದರು: "ಮದುವೆಯಾದಾಗಿನಿಂದ ನೀನು ನನ್ನ ಮೇಲೆ ಕೂಗಾಡಿದಾಗ ಒಬ್ಬ ಪೊಲೀಸೂ ಬರಲಿಲ್ಲ. ನಿನ್ನ ದನಿ ಹೋದ ಮೇಲೆ ನೋಡು, ನನ್ನನ್ನು ಹಿಡಿಯೋಕೆ ಇಬ್ಬರು ಬಂದರು!"

೨. ಪೂರ್ತಿ ಪರೀಕ್ಷೆ

ಕಾಯಿಲೆ ನಿಜವೋ ಸುಳ್ಳೋ ನೋಡಲು ಭತ್ಯೆಯ ಆಫೀಸಿನವರೇ ಗೊತ್ತು ಮಾಡಿದ ಒಬ್ಬ ಡಾಕ್ಟರ ಬಳಿ ಹೋಗಬೇಕಾಯಿತು. ವಯಸ್ಸಾದ, ಒಳ್ಳೆಯ ಮನುಷ್ಯ. ನಾನು "ಗುಡ್ ಮಾರ್ನಿಂಗ್" ಎಂದು ಪಿಸುಗುಟ್ಟಿದೆ. ಅವರೂ "ಗುಡ್ ಮಾರ್ನಿಂಗ್" ಎಂದು ಪಿಸುಗುಟ್ಟಿದರು.

ಮೊದಮೊದಲು ನಾನೂ ಗಮನಿಸಲಿಲ್ಲ. ಆ ದಿನಗಳಲ್ಲಿ ಎಲ್ಲರೂ ಹಾಗೆಯೇ. ನಾನು ಪಿಸುಗುಟ್ಟಿದರೆ ಅಂಗಡಿಯವನೂ ಅಕ್ಕಪಕ್ಕ ನೋಡಿ, ಬಾಗಿ, "ಬೇಳೆ ಅಲ್ಲಿದೆ" ಎಂದು ಗುಟ್ಟು ಹೇಳುವಂತೆ ಹೇಳುತ್ತಿದ್ದ.

"ನಿಲ್ಲಿ," ಪಿಸುದನಿಯಲ್ಲಿ ಡಾಕ್ಟರು. ನಿಂತೆ. "ಬಗ್ಗಿ ಕಾಲ್ಬೆರಳು ಮುಟ್ಟಿ." ಮುಟ್ಟಿದೆ. "ನನ್ನ ಬೆರಳು ಹಿಂಡಿ." ಹಿಂಡಿದೆ. "ಅಬ್ಬಾ, ಸಾಕು ಸಾಕು!" ಆ ತೂಕ ಎತ್ತಿಸಿದರು, ಈ ಗೆರೆಯ ಮೇಲೆ ನಡೆಸಿದರು, ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು. ನಾನು ಎರಡು ಸಲ ಗಂಟಲು ತೋರಿಸಿದೆ. ಬಾಯಾರಿಕೆ ಎಂದುಕೊಂಡು ನೀರು ತಂದುಕೊಟ್ಟರು. ಕುಡಿದು ಕೆಮ್ಮಿದೆ. "ಹೊರಗೆ ತುಂಬಾ ಚಳಿ" ಎಂದರು.

ಎಲ್ಲ ಮುಗಿದ ಮೇಲೆ ಮುಖ ಅರಳಿಸಿ, "ಕೈ ಚೆನ್ನಾಗಿದೆ, ಕಾಲು ಚೆನ್ನಾಗಿದೆ, ಬೆನ್ನು ನನ್ನದಕ್ಕಿಂತ ಚೆನ್ನಾಗಿದೆ. ಯಾವ ಕೆಲಸ ಬೇಕಾದರೂ ಮಾಡಬಹುದು ಎಂದು ಬರೆದಿದ್ದೇನೆ" ಎಂದರು. ಸಹಿ ಹಾಕಿ, ಕಾಗದ ಮಡಚಿ ಲಕೋಟೆಗೆ ಹಾಕಿ, ಅಂಟಿಸಿದರು.

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಬಾಗಿ, ನನ್ನಷ್ಟೇ ಮೆಲ್ಲಗೆ ಕೇಳಿದರು: "ಒಂದು ಮಾತು ಕೇಳಲಾ? ನಾವಿಬ್ಬರೂ ಬೆಳಗ್ಗೆಯಿಂದ ಯಾಕೆ ಪಿಸುಗುಟ್ಟುತ್ತಾ ಇದ್ದೇವೆ?"

೩. ತಕ್ಕ ಕೆಲಸ

ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚುವ ಹಾಗಿಲ್ಲವಂತೆ. ಡಾಕ್ಟರ ವರದಿ ಹಾಗೇ ಹೋದ ಮೇಲೆ ಭತ್ಯೆಯವರು, "ನೀವು ಆರೋಗ್ಯವಾಗಿದ್ದೀರಿ, ಕೆಲಸವಿಲ್ಲದವರ ಆಫೀಸಿಗೆ ಹೋಗಿ" ಎಂದರು. ಅಲ್ಲಿ ಹೋದರೆ ದಾರಿಯಾಚೆ ತನಕ ಸಾಲು. ಅರ್ಧ ಜನ ಟೈ ಕಟ್ಟಿಕೊಂಡೇ ಬಂದಿದ್ದರು, ಇನ್ನೂ ಮನೆಯಲ್ಲಿ ಹೇಳಿರಲಿಲ್ಲವೋ ಏನೋ. ನನ್ನ ಸರದಿ ಬಂದಾಗ ಕಿಟಕಿಯ ಹುಡುಗಿ, "ನಾಳೆಯೇ ಕೆಲಸ ಸಿಕ್ಕರೆ ಮಾಡುವಷ್ಟು ಆರೋಗ್ಯವಾಗಿದ್ದೀರಾ?" ಎಂದು ಕೇಳಿದಳು. ದನಿ ಇಲ್ಲ ಎಂದೆ. "ಹಾಗಾದರೆ ನೀವು ಇಲ್ಲಿಯವರಲ್ಲ, ಭತ್ಯೆಯವರ ಹತ್ತಿರ ಹೋಗಿ."

ಅಲ್ಲಿ ಹೋದರೆ ಇಲ್ಲಿಗೆ, ಇಲ್ಲಿ ಬಂದರೆ ಅಲ್ಲಿಗೆ. ಒಂದು ಆಫೀಸಿನ ಪ್ರಕಾರ ನಾನು ಗಟ್ಟಿಮುಟ್ಟು, ಇನ್ನೊಂದರ ಪ್ರಕಾರ ಕಾಯಿಲೆಯವಳು. ನಡುವಿನ ರಸ್ತೆಯಲ್ಲಿ ಕಾರು ಓಡಿಸುವಾಗ ನಾನು ಏನು ಎನ್ನುವುದು ನನಗೇ ಗೊತ್ತಾಗುತ್ತಿರಲಿಲ್ಲ.

ಕೊನೆಗೆ ಕಿಟಕಿಯ ಹುಡುಗಿಗೇ ಕನಿಕರ ಬಂತು. "ಒಂದು ಕೆಲಸಕ್ಕೆ ಅರ್ಜಿ ಹಾಕಿ ನೋಡಿ. ಅವರು ನಿಮ್ಮನ್ನು ಬೇಡ ಅಂದರೆ, ನಿಮ್ಮ ಕೈಲಾಗಲ್ಲ ಅನ್ನೋದಕ್ಕೆ ಆಧಾರ ಸಿಕ್ಕ ಹಾಗೆ" ಎಂದು ಕಂಪ್ಯೂಟರ್ ನೋಡಿದಳು. ನೋಡುತ್ತಲೇ ಕುಣಿದಾಡುವಷ್ಟು ಖುಷಿಯಾದಳು. "ಮೇಡಂ! ಊರಲ್ಲೆಲ್ಲ ಜನರನ್ನು ತೆಗೀತಿದ್ದಾರೆ, ಇಲ್ಲೊಂದು ಕಡೆ ತುರ್ತಾಗಿ ಬೇಕಂತೆ. ನಿಮಗೆ ಹೇಳಿ ಮಾಡಿಸಿದ ಹಾಗಿದೆ. ಪಾರ್ಸಿಪನಿ, ಮನೆಸಾಲದ ಕಂಪನಿ, ಫೋನ್ ಡೆಸ್ಕು. ಅಲ್ಲಿದ್ದವರಿಗೆ ಏನೋ ಕಾಯಿಲೆಯಾಗಿ ಕೆಲಸಕ್ಕೆ ಬರುತ್ತಿಲ್ಲವಂತೆ."

ಅದು ನನ್ನದೇ ಕುರ್ಚಿ.

ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಅರ್ಜಿ ಹಾಕದಿದ್ದರೆ ಎರಡೂ ಕಡೆ ಬಾಗಿಲು ಮುಚ್ಚುತ್ತದೆ ಎಂದಳು. ಸರಿ, ಹಾಕಿದೆ. ಎರಡು ದಿನಕ್ಕೆ ನನ್ನ ಮ್ಯಾನೇಜರಿಂದಲೇ ಇಮೇಲ್ ಬಂತು. ನನ್ನ ಅನುಭವ ಬಹಳ ಮೆಚ್ಚುಗೆಯಾಯಿತಂತೆ. ಆದರೆ ಈ ಜಾಗದಲ್ಲಿ ಮೊದಲಿದ್ದವರು ಆರೋಗ್ಯ ಸರಿಯಿಲ್ಲದೆ ತುಂಬಾ ತೊಂದರೆ ಕೊಟ್ಟಿದ್ದರಿಂದ, ಈ ಸಲ ನೋಡಿ ಆರಿಸುತ್ತಿದ್ದಾರಂತೆ.

೪. ನನ್ನ ಪರವಾಗಿ ನಾನು

ಬೇಡವೇನೋ ಅಂದರು, ಆದರೆ ಆ ಇಮೇಲಿನಲ್ಲಿ ನನ್ನ ದನಿಯ ಮಾತೇ ಇಲ್ಲದ್ದರಿಂದ ಅದು ಆಧಾರಕ್ಕೆ ಬರಲಿಲ್ಲ. ಇನ್ನು ಉಳಿದದ್ದು ಭತ್ಯೆಯ ಮೇಲ್ಮನವಿಯ ವಿಚಾರಣೆ. ಹೆಸರು ಬರೆಸಲು ಹೋದಾಗ ಕ್ಲಾರ್ಕು "ಏನು ತೊಂದರೆ?" ಎಂದ. ನಾನು ಬಾಯಿ ತೋರಿಸಿ, ಕೈ ಅಲ್ಲಾಡಿಸಿದೆ. "ಓ, ಇಂಗ್ಲಿಷ್ ಬರಲ್ಲ! ಯಾವ ಊರು ನಿಮ್ಮದು?" ಎಂದ. ಮೈಸೂರು ಎಂದು ಬರೆದು ತೋರಿಸಿದೆ. ಯಾರನ್ನೋ ಕೇಳಿಕೊಂಡು ಬಂದು, "ಆಯಿತು, ದುಭಾಷಿ ಬರುತ್ತಾರೆ" ಎಂದ.

ಬಂದರು. ಧಾರವಾಡದ ಕಡೆಯ ಅಂಕಲ್. ಲಾಂಗ್ ಐಲೆಂಡಿನ ಹಿಕ್ಸ್‌ವಿಲ್‌ನಿಂದ ಎರಡು ರೈಲು ಬದಲಿಸಿ ಬಂದಿದ್ದರು. ಆಳೆತ್ತರ, ಅದಕ್ಕೆ ತಕ್ಕ ಗಂಟಲು. ಸಿಮೆಂಟ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದವರು, ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಅಭ್ಯಾಸವಾಗಿತ್ತಂತೆ. "ನಮಸ್ಕಾರ್ರೀ ತಂಗಿ! ನಮ್ಮ ಕನ್ನಡದವರಂತ ಕೇಳಿ ಭಾಳ ಖುಷಿ ಆತು!" ಎಂದಾಗ ಕಾರಿಡಾರಿನ ಕೊನೆಯಲ್ಲಿದ್ದವರು ತಿರುಗಿ ನೋಡಿದರು.

ನಾನು ಪಿಸುಗುಟ್ಟಿದೆ: "ಅಂಕಲ್, ನನಗೆ ಇಂಗ್ಲಿಷ್ ಬರುತ್ತದೆ. ದನಿ ಬರಲ್ಲ, ಅಷ್ಟೇ."

ಅವರು ನನ್ನನ್ನೇ ನೋಡಿದರು. "ಹಂಗಾದ್ರ ನಾ ಯಾಕ ಬಂದೇನ್ರೀ?"

ವಿಚಾರಣೆಯ ಅಧಿಕಾರಿಗೂ ಇದೇ ಪ್ರಶ್ನೆ. ಯೋಚಿಸಿ, "ಈಕೆ ಯಾವ ಭಾಷೆಯಲ್ಲಿ ಮಾತಾಡಿದರೂ ನನಗೆ ಕೇಳಿಸಲ್ಲ. ನೀವು ಕಿವಿಗೊಟ್ಟು ಕೇಳಿ, ಆಕೆ ಹೇಳಿದ್ದನ್ನು ಹಾಗೇ ಹೇಳಿ. ಆಕೆ 'ನಾನು' ಅಂದರೆ ನೀವೂ 'ನಾನು' ಅನ್ನಬೇಕು" ಎಂದು ಅವರಿಂದ ಪ್ರಮಾಣ ಮಾಡಿಸಿ ಟೇಪ್ ರೆಕಾರ್ಡರ್ ಒತ್ತಿದರು.

"ಏನಾಗಿದೆ ನಿಮಗೆ?"

ಪಿಸುಗುಟ್ಟಿದೆ. ಅಂಕಲ್ ಗುಡುಗಿದರು: "ನನಗೆ ಥೈರಾಯ್ಡ್ ಆಪರೇಷನ್ ಆಗಿದೆ!"

"ಸದ್ಯ ಗರ್ಭಿಣಿಯೇ?" ಅದೂ ಫಾರಮ್ಮಿನಲ್ಲಿದ್ದ ಪ್ರಶ್ನೆ.

ಇಲ್ಲ ಎಂದೆ.

"ಇಲ್ಲ ಸರ್! ನಾನು ಗರ್ಭಿಣಿ ಅಲ್ಲ!"

ಹೊರಗೆ ನಿಂತಿದ್ದ ಕಾವಲುಗಾರ ಬಾಗಿಲು ತೆರೆದು, ಅಂಕಲ್‌ರನ್ನು ಅಡಿಯಿಂದ ಮುಡಿತನಕ ನೋಡಿ, ಮತ್ತೆ ಮೆಲ್ಲಗೆ ಮುಚ್ಚಿದ.

"ನಿಮ್ಮ ದನಿ ಈಗ ಹೇಗಿದೆ?"

ಸ್ವಲ್ಪವೂ ಇಲ್ಲ, ಒಂದು ಮಾತು ಆಡಿದರೂ ಸುಸ್ತಾಗುತ್ತದೆ ಎಂದೆ.

"ನನಗೆ ದನಿ ಸ್ವಲ್ಪವೂ ಇಲ್ಲ! ಒಂದು ಮಾತು ಆಡಿದರೂ ಸುಸ್ತಾಗುತ್ತದೆ!" ಮೇಜಿನ ಮೇಲಿದ್ದ ಲೋಟದ ನೀರು ಅಲುಗಿತು.

ಅಧಿಕಾರಿ ನಗು ತಡೆದುಕೊಂಡು, ಎಲ್ಲ ಸ್ಪಷ್ಟವಾಗಿದೆ ಎಂದರು. ನಾನು ನೆಮ್ಮದಿಯಿಂದ ಮನೆಗೆ ಬಂದೆ. ಆದರೆ ತೀರ್ಪು ಬರೆಯುವ ಮೊದಲೇ ಆ ಅಧಿಕಾರಿಗೆ ಬೇರೆ ಊರಿಗೆ ವರ್ಗವಾಯಿತು. ನಮ್ಮನ್ನು ಕಣ್ಣಾರೆ ನೋಡದ ಇನ್ನೊಬ್ಬರು ಬರೀ ಟೇಪ್ ಕೇಳಿ ತೀರ್ಪು ಕೊಟ್ಟರು: ಅರ್ಜಿ ವಜಾ. ಅರ್ಜಿದಾರಳ ದನಿ ಗಟ್ಟಿಯಾಗಿದೆ, ದೂರಕ್ಕೂ ಕೇಳಿಸುವಂತಿದೆ. ಥೈರಾಯ್ಡ್ ಕಾರಣದಿಂದ ಕೊಂಚ ಗಂಡಸಿನ ದನಿಯಂತಾಗಿದ್ದರೂ ಅದರಿಂದ ಕೆಲಸಕ್ಕೆ ಅಡ್ಡಿಯಿಲ್ಲ.

ಓದಿ ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಹೆಗಲು ಅಲುಗುತ್ತಿತ್ತು. ಇವರು ಓಡಿಬಂದು, "ಅಳಬೇಡ, ಏನಾದರೂ ಮಾಡೋಣ" ಎಂದು ತಲೆ ಸವರಿದರು. ನಾನು ನಗುತ್ತಿದ್ದೆ, ಸದ್ದು ಬರುತ್ತಿರಲಿಲ್ಲ ಅಷ್ಟೇ. ಎಷ್ಟು ನಕ್ಕೆನೆಂದರೆ, ಕೊನೆಕೊನೆಗೆ ನಿಜಕ್ಕೂ ಅಳು ಬಂತು.

ಅಂಕಲ್‌ಗೆ ತಿಳಿಸಿದಾಗ ಕೆಂಡವಾದರು. ನಾವು ಮೂವರೂ ಸೇರಿ ಒಂದೇ ಕರೆಯಲ್ಲಿ ಆಫೀಸಿಗೆ ಫೋನ್ ಮಾಡಿದೆವು. "ಟೇಪಿನಲ್ಲಿರೋದು ನನ್ನ ದನಿ!" ಎಂದರು ಅಂಕಲ್. "ಹಾಗಾದರೆ ಅರ್ಜಿದಾರರು ನೀವಾ?" ಎಂದಳು ಆ ಕಡೆಯವಳು. "ಅಲ್ಲ, ಆಕೆ ಇಲ್ಲೇ ಇದ್ದಾಳೆ, ಕೇಳಿ!" ನಾನು ಇದ್ದ ಶಕ್ತಿಯೆಲ್ಲ ಹಾಕಿ ಪಿಸುಗುಟ್ಟಿದೆ. "ಏನೂ ಕೇಳಿಸ್ತಿಲ್ಲ. ಸ್ವಲ್ಪ ಜೋರಾಗಿ ಮಾತಾಡಿ, ಮೇಡಂ" ಎಂದಳು. "ಈಗ ಅಂದಿರಲ್ಲ, ಅದನ್ನೇ ಬರೆದುಕೊಳ್ಳಿ!" ಎಂದು ಅಂಕಲ್ ಅಬ್ಬರಿಸಿದರು. ಪಾಪ, ಬರೆದುಕೊಂಡಳು. ಮರುವಿಚಾರಣೆಯಾಯಿತು, ಭತ್ಯೆ ಬಂತು. ಇವರ ಕೆಲಸವೂ ಹೇಗೋ ಉಳಿಯಿತು.

ಬೇಸಿಗೆಯ ಹೊತ್ತಿಗೆ ಒಂದು ಬೆಳಗ್ಗೆ, ಹಾಲು ಉಕ್ಕುತ್ತಿದ್ದಾಗ, "ರೀ!" ಎಂದೆ. ದನಿ ಹೊರಗೆ ಬಂತು. ಒಡಕಲು, ಆದರೂ ನನ್ನದೇ. ಹಾಲು ಉಕ್ಕಿ ಒಲೆಯೆಲ್ಲ ತೊಯ್ದರೂ ಇಬ್ಬರೂ ಹಾಗೇ ನಿಂತಿದ್ದೆವು. ಊರಲ್ಲಿದ್ದ ಅಮ್ಮಿಗೆ ಮೊದಲ ಫೋನು. ಎರಡನೆಯದು ಹಿಕ್ಸ್‌ವಿಲ್‌ಗೆ.

"ಅಂಕಲ್, ನಾನು! ಮೆಟುಚೆನ್ನಿಂದ! ನನಗೆ ದನಿ ಬಂತು!"

ಆ ಕಡೆಯಿಂದ ಅದೇ ಗುಡುಗು.

"ಯಾರ್ರೀ ನೀವು, ಚಾಷ್ಟಿ ಮಾಡ್ತೀರೇನು? ಆ ತಂಗಿಗೆ ದನಿ ಇಲ್ಲ. ನಾ ಪ್ರಮಾಣ ಮಾಡಿ ಹೇಳೇನಿ!"

ಫೋನ್ ಇಟ್ಟೇಬಿಟ್ಟರು.