ಅತ್ತಿಗೆಯ ಕಾರಿನ ಹಳದಿ ಆಮೆ

ಇವತ್ತು ಬೆಳಗಿನಿಂದ ಮಾಡಿದ ಕೆಲಸ ಇಷ್ಟು: ನಲ್ಲಿಯಲ್ಲಿ ನೀರು ಬಂತು, ಡ್ರಮ್ಮು ತುಂಬಿಸಿದೆ. ಗೆಜ್ಜಲಗೆರೆ ಫ್ಯಾಕ್ಟರಿಗೆ ಹೊರಟ ಯಜಮಾನರಿಗೆ ಡಬ್ಬಿ ಕಟ್ಟಿದೆ. ರಾಗಿ ಕೇರಿ ಬಿಸಿಲಿಗೆ ಹರವಿದೆ. ಹರಿದ ದಿಂಬಿಗೆ ಹೊಲಿಗೆ ಹಾಕಿದೆ. ಆಮೇಲೆ ಒಂದು ಕಟ್ಟು ಸೊಪ್ಪು ತರಲು ಕಾರಿನಲ್ಲಿ ಬೆಸಗರಹಳ್ಳಿಗೆ ಹೋಗಿಬಂದೆ.

ಮದ್ದೂರಿನಲ್ಲಿ ಸೊಪ್ಪು ಸಿಗುವುದಿಲ್ಲವೇ? ಸಿಗದೆ ಏನು! ಸೊಪ್ಪಿನವಳು ನಮ್ಮ ಬಾಗಿಲಿಗೇ ಬಂದು ಬುಟ್ಟಿ ಇಳಿಸುತ್ತಾಳೆ. ಆದರೆ ನಮ್ಮಣ್ಣನಿಗೆ ಕಾರು ಓಡಿಸಲು ಒಂದು ನೆಪ ಬೇಕಿತ್ತು. ಕಾರಿನ ಕಾಯಿಲೆ ಬಿಡಿಸಿ ಹೊಟ್ಟೆ ಹೊರೆಯುವ ಮೆಕ್ಯಾನಿಕ್‌ಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ತನ್ನ ಮನೆಯ ಕಾರಿಗೆ ಕಾಯಿಲೆ ಮತ್ತೆ ಕಾಣಿಸಿಕೊಳ್ಳಲಿ ಎಂದು ಪೆಟ್ರೋಲು ಸುಡುವವನು ನಮ್ಮಣ್ಣ ಒಬ್ಬನೇ!

ನಿಜ ಹೇಳಬೇಕೆಂದರೆ ಆ ಕಾರು ಅತ್ತಿಗೆಯದು. ಅಣ್ಣನ ಗ್ಯಾರೇಜಿಗೆ ಬೇಕಾದ ಸಾಮಾನನ್ನು ಮಂಡ್ಯದಿಂದ ಅವಳೇ ಕಾರು ಓಡಿಸಿಕೊಂಡು ಹೋಗಿ ತರುತ್ತಿದ್ದಳು. ಒಂದು ದಿನ ಅದರ ಮೀಟರಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡಿತು. ಅತ್ತಿಗೆಯ ಕಣ್ಣಿಗೆ ಅದು ಆಮೆಯಂತೆ ಕಂಡಿತು.

"ಅಲ್ಲ ಕಣ್ರೀ, ಊರೋರ್ ಗಾಡಿಗೆಲ್ಲ ಕೈ ಆಕ್ತೀರ. ನನ್ ಗಾಡಿ ಆಮೆ ನೋಡಾಕೆ ನಿಮ್ಗೆ ಟೇಮಿಲ್ವಾ?"

"ನಾಳೆ ನೋಡ್ತೀನಿ ಬುಡು."

ಈ ಎರಡು ಮಾತು ಅವರ ಮನೆಯಲ್ಲಿ ಕಾಫಿಯ ಜೊತೆಗೆ ದಿನಾ ನಡೆಯುತ್ತಿತ್ತು. ಮೆಕ್ಯಾನಿಕ್‌ನ ಹೆಂಡತಿಯ ಕಾರಿನಷ್ಟು ಅನಾಥ ವಸ್ತು ಲೋಕದಲ್ಲಿ ಇನ್ನೊಂದಿದೆಯೇ? ಹೋದ ವರ್ಷ ಒಂದು ಬೆಳಗ್ಗೆ ಅತ್ತಿಗೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಆಮೆ ಮಾತ್ರ ಉರಿಯುತ್ತಲೇ ಇತ್ತು.

ಅಣ್ಣ ಈಗ ಎರಡು ಹೊತ್ತೂ ನಮ್ಮ ಮನೆಯಲ್ಲೇ ಉಣ್ಣುತ್ತಾನೆ. "ಈಗ್ಲಾದ್ರೂ ಆ ಗಾಡಿ ರಿಪೇರಿ ಮಾಡಣ್ಣ" ಎಂದು ಒಮ್ಮೆ ಅಂದೆ.

"ಅದು ನಿಮ್ಮತ್ತಿಗೆ ಬೈಗುಳ ಕಣಮ್ಮ. ಅದ್ನೂ ಆರಿಸ್ಬುಟ್ರೆ ನನ್ನ ಇನ್ಯಾರು ಬಯ್ಯೋರು?" ಎಂದು ತಟ್ಟೆ ನೋಡುತ್ತಾ ಕೂತ. ನಾನು ಸಾರು ಬಡಿಸಿದೆ.

ಹೀಗಿರುವಾಗ ಅವನು ಸ್ಕ್ಯಾನರ್ ಕೊಳ್ಳಬೇಕಾಗಿ ಬಂತು. ಕಾರಿಗೆ ಚುಚ್ಚಿದರೆ ಏನು ಕಾಯಿಲೆ ಎಂದು ಪರದೆಯ ಮೇಲೆ ಬರೆದು ತೋರಿಸುವ ಯಂತ್ರ ಅದು. ಈಗಿನ ಗಾಡಿಗಳಿಗೆ ಅದಿಲ್ಲದೆ ಕೈ ಹಾಕುವ ಹಾಗಿಲ್ಲವಂತೆ. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಜಾರುತ್ತಿದ್ದರು. ಹೊಸದು ಕೈಗೆಟುಕದು. ಹಳೆಯದನ್ನು ಆರಿಸಲು ಅಣ್ಣ ನನ್ನನ್ನೂ ಹೊರಡಿಸಿದ. ನನಗೇನು ಗೊತ್ತು ಸ್ಕ್ಯಾನರ್? "ಟೊಮೊಟೊ ಆರಿಸೋ ತರ ನೋಡು, ಸಾಕು" ಎಂದ!

ಮೊದಲನೆಯದು ಮಂಡ್ಯದಲ್ಲಿ. ಅಣ್ಣ ಅದರ ಪ್ಲಗ್ಗನ್ನು ಎತ್ತಿನ ಬಾಯಿ ಬಿಡಿಸಿದಂತೆ ಬಿಸಿಲಿಗೆ ಹಿಡಿದು ಹಲ್ಲುಗಳನ್ನೆಲ್ಲ ನೋಡಿದ. ಪರದೆಯ ಮೂಲೆಮೂಲೆ ಒತ್ತಿದ. ಅಪ್‌ಡೇಟ್ ಆಗುತ್ತದೆಯೇ, ಹಳೇ ಮಾಲೀಕನ ಹೆಸರಿನಲ್ಲಿ ಲಾಕ್ ಆಗಿದೆಯೇ ಎಂದು ಕೇಳಿದ. ಕೊನೆಗೆ ಅತ್ತಿಗೆಯ ಕಾರಿಗೇ ಚುಚ್ಚಿಸಿದ. ಗೊತ್ತಿರುವ ಕಾಯಿಲೆಯನ್ನು ಸರಿಯಾಗಿ ಹೇಳಿದರೆ ತಾನೇ ಡಾಕ್ಟರು ಒಳ್ಳೆಯವನು! ಹೊಗೆ ಕೊಳವೆಯ ಸೆನ್ಸರ್ ಎಂದು ಯಂತ್ರ ಸರಿಯಾಗಿಯೇ ಹೇಳಿತು. ಮಾರುವವನು ಖುಷಿಯಿಂದ "ಈಗ ಅಳ್ಸಿ ದೀಪ ಆರಿಸಿ ತೋರಿಸ್ತೀನಿ ನೋಡಿ" ಎಂದದ್ದೇ ತಡ, ಅಣ್ಣ ಹಾವು ಕಂಡವನಂತೆ ವೈರು ಕಿತ್ತ.

"ಓದ್ಸು, ಅಳಿಸ್ಬ್ಯಾಡ!"

"ಅಳಿಸ್ದಿದ್ರೆ ಮಿಸಿನ್ನು ಸರಿಯಾಗೈತೆ ಅಂತ ಎಂಗ್ ಗೊತ್ತಾದದು ಸಾಮಿ?"

"ಅದೇ ಕಣಯ್ಯ ನಾನೂ ಏಳೋದು. ಅಳಿಸೋದ್ ನೋಡ್ದೆ ನಾನ್ ತಕ್ಕಳಲ್ಲ."

ಮಾರುವವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಬೇರೆ ಗಾಡಿಗೆ ಹಾಕಿ ನೋಡಬಾರದೇ ಎಂದರೆ, ಪರೀಕ್ಷೆ ಮಾಡದ ಯಂತ್ರವನ್ನು ಗಿರಾಕಿಯ ಗಾಡಿಗೆ ಚುಚ್ಚುವುದು ಪಾಪವಂತೆ! ಎರಡನೆಯದೂ ಹೀಗೇ ತಪ್ಪಿತು. ಮೂರನೆಯವನಂತೂ ನಮ್ಮ ಕಾರು ಕಂಡೊಡನೆ ಷಟರ್ ಎಳೆದ.

ನಿನ್ನೆ ಮಳವಳ್ಳಿಗೆ ಹೋದೆವು. ಮಂಡಿನೋವಿನಿಂದ ಗ್ಯಾರೇಜು ಮುಚ್ಚುತ್ತಿದ್ದ ವಯಸ್ಸಾದ ಭಾಯ್ ಒಬ್ಬರು ತಮ್ಮ ಸ್ಕ್ಯಾನರನ್ನು ಒಗೆದ ಟವೆಲಿನಲ್ಲಿ ಸುತ್ತಿಟ್ಟಿದ್ದರು. "ಅಳಿಸ್ಬ್ಯಾಡಿ ಭಾಯ್" ಎಂದು ಅಣ್ಣ ಮೊದಲೇ ಹೇಳಿದ. ಅವರೂ ತಲೆಯಾಡಿಸಿದರು. ಚುಚ್ಚಿದರು, ಓದಿದರು. ಆದರೆ ಆ ಹೆಬ್ಬೆರಳು ಇಷ್ಟು ವರ್ಷ ಓದಿದ ಕೂಡಲೇ ಅಳಿಸಿ ಅಭ್ಯಾಸವಾದದ್ದು. ಅವರ ಅಪ್ಪಣೆಗೂ ಕಾಯದೆ ತಾನಾಗಿ ಒತ್ತಿಬಿಟ್ಟಿತು.

ಆಮೆ ಆರಿತು.

ನಾನು ಭಾಯ್‌ಗೆ ಅತ್ತಿಗೆಯ ವಿಷಯ ಹೇಳಿದೆ. ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಕಾಯಿಲೆ ಓಗಿಲ್ಲ ತಮ್ಮಾ, ದೀಪ ಆರೈತೆ ಅಷ್ಟೇಯ. ಓಡಿಸ್ತಾ ಇರು, ತಿರ್ಗಾ ಬತ್ತದೆ."

ಇದು ಅಣ್ಣನಿಗೆ ಗೊತ್ತಿಲ್ಲದ್ದೇ? ಆದರೂ ಮಗುವಿನ ಹಾಗೆ ಕೇಳಿದ: "ಬತ್ತದಾ ಭಾಯ್?"

"ಬತ್ತದೆ ಕಣಪ್ಪ."

"ಮಿಸಿನ್ನು ಚೆನ್ನಾಗೈತೆ" ಎಂದಷ್ಟೇ ಹೇಳಿ ಅಣ್ಣ ಅದನ್ನು ಕೊಂಡ. ದಾರಿಯುದ್ದಕ್ಕೂ ರಸ್ತೆ ನೋಡಿದ್ದಕ್ಕಿಂತ ಮೀಟರು ನೋಡಿದ್ದೇ ಹೆಚ್ಚು. ಮದ್ದೂರು ಬಂತು, ದೀಪ ಬರಲಿಲ್ಲ. ರಾತ್ರಿ ಅರ್ಧ ಮುದ್ದೆ ಬಿಟ್ಟು ಎದ್ದ.

ಅದಕ್ಕೇ ಇವತ್ತು ಬೆಸಗರಹಳ್ಳಿಯ ಸೊಪ್ಪು. ಹೋಗುವಾಗಲೂ ದೀಪ ಬರಲಿಲ್ಲ.

"ಸಿಟ್ಟು ಮಾಡ್ಕಂಡವ್ಳೆ ಕಣಮ್ಮ. ಬೈದು ಬೈದು ಸಾಕಾಗೋಗೈತೆ ಅವಳ್ಗೆ" ಎಂದ.

"ಅತ್ತಿಗೆಗಾ? ಸಾಕಾಯ್ತದಾ? ಸುಮ್ನೆ ಓಡ್ಸಣ್ಣ" ಎಂದೆ. ನಗಲೆಂದು ಹೇಳಿದ್ದು. ನಗಲಿಲ್ಲ.

ವಾಪಸು ಬಂದವನು ಸೀದಾ ಮನೆಗೆ ಬರದೆ ಶಿವಪುರದ ಕಡೆ ತಿರುಗಿಸಿದ. ಸೊಪ್ಪು ನನ್ನ ತೊಡೆಯ ಮೇಲೆ ಬಾಡುತ್ತಿತ್ತು. ಇನ್ನೊಂದು ಸುತ್ತು ಹಾಕುತ್ತಾನೇನೋ ಎಂದುಕೊಳ್ಳುವಷ್ಟರಲ್ಲಿ ಮೀಟರಿನಲ್ಲಿ ಹಳದಿ ಆಮೆ ಮೆಲ್ಲಗೆ ಕಣ್ಣು ಬಿಟ್ಟಿತು.

ಅಣ್ಣ ಗಾಡಿ ಪಕ್ಕಕ್ಕೆ ಹಾಕಿದ. ಹಿಂದೆ ಬಸ್ಸಿನವನು ಹಾರನ್ ಹೊಡೆದು ಬೈದುಕೊಂಡು ಹೋದ. ಇವನಿಗೆ ಕೇಳಿಸಲೇ ಇಲ್ಲ. ಹೆಗಲ ಮೇಲಿನ ಟವೆಲಿನಿಂದ ಮೀಟರಿನ ಗಾಜು ಒರೆಸಿದ, ಅದೇ ಟವೆಲಿನಿಂದ ಕಣ್ಣು ಒರೆಸಿಕೊಂಡ. ಆಮೇಲೆ ದೀಪದ ಕಡೆ ಬಾಗಿ, ತುಂಬ ಮೆತ್ತಗೆ ಹೇಳಿದ:

"ನಾಳೆ ನೋಡ್ತೀನಿ ಬುಡು."

ರಾತ್ರಿಗೆ ಆ ಬಾಡಿದ ಸೊಪ್ಪಿನದೇ ಉಪ್ಪೆಸರು, ಬಿಸಿ ಮುದ್ದೆ. ಅಣ್ಣ ಕೇಳಿ ಇನ್ನೊಂದು ಮುದ್ದೆ ಹಾಕಿಸಿಕೊಂಡ. ಯಜಮಾನರು ಇನ್ನೂ ಮಜ್ಜಿಗೆ ಕುಡಿಯುತ್ತಿದ್ದರು, ನಾನು ಪಾತ್ರೆ ಬಳಿಯುತ್ತಿದ್ದೆ. ಅಷ್ಟರಲ್ಲಿ ಅವನು ನಾನು ಹೊಲಿದ ದಿಂಬಿಗೆ ತಲೆ ಕೊಟ್ಟು, ಎಲ್ಲರಿಗಿಂತ ಮೊದಲು ಮಲಗಿಬಿಟ್ಟಿದ್ದ.